ಅತ್ತೆ ವಿಚಾರಿಸಿಕೊಂಡು ಬಂದ ಕೆಲಸ

ಕಾಲು ಮುರಿದುಕೊಂಡವರನ್ನು ನೋಡಲು ಬರುವವರು ಮೂಸಂಬಿಯ ಜೊತೆ ಒಂದು ಸಮಾಧಾನದ ಮಾತನ್ನೂ ತರುತ್ತಾರೆ. ನನಗೆ ಎಲ್ಲರೂ ತಂದದ್ದು ಒಂದೇ ಮಾತು: ಹೋಗಲಿ ಬಿಡು, ಇನ್ನು ಆರಾಮಾಗಿ ಮನೆಯಲ್ಲಿರು. ಮೂಸಂಬಿ ತಿಂದೆ, ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಲ್ಲಿಯವರೆಗೆ ಒಂಬತ್ತು ವರ್ಷ ನಾನು ಜಗಳೂರಿನಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಲಗ್ನಪತ್ರಿಕೆ, ಕರಪತ್ರ, ಸಂಘದವರ ವಾರ್ಷಿಕ ವರದಿ, ಕಾಲೇಜಿನವರ ಪ್ರಬಂಧ, ಏನು ಕೊಟ್ಟರೂ ಸರಿ. ಕನ್ನಡ ಟೈಪಿಂಗ್ ಸೀನಿಯರ್ ಪಾಸಾದವಳು, ಕೀಲಿಮಣೆ ನೋಡದೆ ಹೊಡೆಯುತ್ತೇನೆ ಎಂಬ ಜಂಬವೂ ಇತ್ತು. ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಗಂಟಿಗೆ ಪ್ಲೇಟು ಹಾಕಿಸಿಕೊಂಡ ಮೇಲೆ ಡಾಕ್ಟರು ಬಸ್ಸಿನಲ್ಲಿ ನಿಂತು ಹೋಗುವುದು ಬೇಡವೆಂದರು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನಮ್ಮ ಬಸ್ಸಿನಲ್ಲಿ ಕೂರಲು ಸೀಟು ಸಿಗುವುದು ಪುಣ್ಯವಂತರಿಗೆ. ನಾನು ಅಷ್ಟು ಪುಣ್ಯ ಮಾಡಿದವಳಲ್ಲ. ಅಂಗಡಿಯವರು ಮೂರು ತಿಂಗಳು ಕಾದು ಬೇರೊಬ್ಬಳನ್ನು ಇಟ್ಟುಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ನನಗೂ ಮಕ್ಕಳಿಗೂ ಊಟ ಬಟ್ಟೆಗೆ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನನ್ನೊಳಗೆ. ಬೆಳಿಗ್ಗೆ ಹತ್ತು ಗಂಟೆಯಾಯಿತೆಂದರೆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಕೆಲಸವಿಲ್ಲದ ನಾನು ನನಗೇ ಬೇಡವಾಗಿದ್ದೆ. ಸಿಟ್ಟು ಮಾತ್ರ ಮೊದಲಿನಷ್ಟೇ ಇತ್ತು, ಅದನ್ನು ಸೊಪ್ಪು ಸೋಸುವಾಗ ಸೊಪ್ಪಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಟೈಪ್ ಮಾಡಿ ದುಡಿಯುತ್ತೇನೋ ಇಲ್ಲವೋ ಎಂಬುದೊಂದೇ ಆಗ ನನ್ನ ತಲೆಯಲ್ಲಿ.

ಅಂಥ ಹೊತ್ತಿಗೆ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಮನೆಯಲ್ಲೇ ಕೂತು ಟೈಪಿಂಗ್, ಅನುಭವ ಬೇಕಿಲ್ಲ, ಕೈತುಂಬ ಸಂಬಳ. ಒತ್ತಿದೆ. ಐದು ನಿಮಿಷಕ್ಕೆ ಒಬ್ಬ ಫೋನ್ ಮಾಡಿದ. ನನ್ನ ಟೈಪಿಂಗ್ ವೇಗ ಎಷ್ಟು, ಮೊದಲು ಎಲ್ಲಿ ಕೆಲಸ ಮಾಡುತ್ತಿದ್ದೆ, ಒಂದನ್ನೂ ಕೇಳಲಿಲ್ಲ. ಯಾವ ಊರು ಎಂದು ಕೇಳಿದ. ಜಗಳೂರು ಎಂದೆ. ಅಯ್ಯೋ ಅಕ್ಕಾ, ನಮ್ಮದೂ ಅಲ್ಲೇ ಬಿಳಿಚೋಡು ಕಡೆ ಎಂದ. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

ಅತ್ತೆಗೆ ಯಾಕೆ ಕೊಟ್ಟೆ ಎಂದು ಹೇಳಬೇಕು. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಹೆಣ್ಣು ಗಂಡಿನ ಮಾತು ಎದ್ದರೂ ಮೊದಲು ನಮ್ಮ ಅತ್ತೆಗೆ ಹೇಳಿಕಳಿಸುತ್ತಾರೆ. ಸಂಬಂಧ ವಿಚಾರಿಸುವುದರಲ್ಲಿ ಅವರದು ಎತ್ತಿದ ಕೈ. ಅವರು ಗಂಡಿನ ಮನೆಗೆ ನೇರ ಹೋಗುವುದೇ ಇಲ್ಲ. ಆ ಬೀದಿಯ ಅಂಗಡಿಯಲ್ಲಿ ಅರ್ಧ ಕೆಜಿ ಬೆಲ್ಲ ಕೊಳ್ಳುತ್ತಾರೆ, ಕಟ್ಟೆಯ ಮೇಲೆ ಕೂತವರನ್ನು ಮಾತಿಗೆಳೆಯುತ್ತಾರೆ, ಆ ಮನೆಯಲ್ಲಿ ದುಡಿದು ಬಿಟ್ಟವರು ಯಾರಾದರೂ ಇದ್ದಾರಾ ಎಂದು ಹುಡುಕಿಕೊಂಡು ಹೋಗುತ್ತಾರೆ. ಸಂಜೆ ಊರಿಗೆ ಬಂದು, ಕಾಲು ತೊಳೆದು, ಟೀ ಕುಡಿದ ಮೇಲೆ ತೀರ್ಪು. ಆ ತೀರ್ಪಿಗೆ ನಮ್ಮಲ್ಲಿ ಎದುರಾಡುವವರಿಲ್ಲ.

ಅವತ್ತು ಅಂಥ ಅತ್ತೆ ಫೋನಿನಲ್ಲೇ ಮೆತ್ತಗಾದರು. ಹುಡುಗ ಅವರನ್ನು ದೊಡ್ಡವ್ವಾ ಎಂದು ಕರೆದ. ಮಳೆ ಹೆಂಗೆ, ಮೆಕ್ಕೆಜೋಳ ಹೆಂಗೆ ಬಂದಿದೆ ಎಂದು ಕೇಳಿದ. ಯಾರ ಪೈಕಿ ಎಂದದ್ದಕ್ಕೆ, ಅದು ಸೋದರಮಾವನ ಊರು, ತಾನು ಬೆಳೆದದ್ದು ಹೊರಗೆ ಎಂದ. ಫೋನು ನನಗೆ ವಾಪಸ್ ಕೊಡುತ್ತ ಅತ್ತೆ, ನಮ್ಮ ಕಡೆ ಹುಡುಗ, ದೊಡ್ಡವರು ಚಿಕ್ಕವರು ಅನ್ನೋದು ಗೊತ್ತಿದೆ, ಮಾಡು ಎಂದರು. ನೋಂದಣಿ ಶುಲ್ಕ ಅಂತ ಅವನು ಕೇಳಿದ್ದನ್ನು ಕಳಿಸಿದೆ.

ಪುಟಗಳು ಫೋಟೋಗಳಾಗಿ ಬಂದವು. ಇಂಗ್ಲಿಷಿನಲ್ಲಿ ಯಾರದೋ ಹೆಸರು, ವಿಳಾಸ, ಉದ್ದುದ್ದ ಅಂಕಿ. ತಲೆಬುಡವಿಲ್ಲದ ಪುಟಗಳು. ಆದರೂ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಹತ್ತು ದಿನ ಹಬ್ಬದ ಹಾಗೆ ಟೈಪ್ ಮಾಡಿದೆ. ಮೂಸಂಬಿ ತಂದವರಿಗೆಲ್ಲ ಕೇಳುವ ಹಾಗೆ, ಈಗ ಪುರುಸೊತ್ತಿಲ್ಲ, ಕೆಲಸ ಇದೆ ಎಂದೆ. ಹನ್ನೊಂದನೆಯ ದಿನ ಮೆಸೇಜು ಬಂತು. ನಿಮ್ಮ ಕೆಲಸದಲ್ಲಿ ವಿಪರೀತ ತಪ್ಪುಗಳಿವೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೋರ್ಟಿಗೆ ಎಳೆಯುತ್ತೇವೆ. ಎಲ್ಲಿ ತಪ್ಪು ತೋರಿಸಿ ಎಂದು ಕೇಳಿದೆ. ತೋರಿಸಲಿಲ್ಲ. ಅದರ ಬದಲು ಮೊಹರು ಒತ್ತಿದ ಒಂದು ನೋಟಿಸು ಬಂತು. ಫೋನ್ ಮಾಡಿದರೆ ಈ ಸಲ ಅಕ್ಕಾ ಎನ್ನಲಿಲ್ಲ, ಏನಮ್ಮಾ ಎಂದ, ಪೊಲೀಸರು ಮನೆಗೆ ಬರುತ್ತಾರೆ ಎಂದ.

ದಂಡ ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ನಿಜವಾಗಿ ಯೋಚಿಸಿದೆ. ಅತ್ತೆ ನೋಟಿಸು ಓದಿಸಿಕೊಂಡರು. ಎದ್ದು ಚಪ್ಪಲಿ ಮೆಟ್ಟಿದರು.

"ಏಳವ್ವಾ," ಎಂದರು. "ಕೋರ್ಟು ನಮ್ಮೂರಾಗೇ ಐತಲ್ಲ, ಹೋಗಿ ಕೇಳಾಣ."

ಮನೆಯವರು ಗೂಡ್ಸ್ ಆಟೋದಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋದರು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಹಿರಿಯರು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಾರೆ. ಒಳಗೆ ಹೋಗಲು ಧೈರ್ಯವಿಲ್ಲದೆ ಅವರಿಗೇ ಫೋನು ತೋರಿಸಿದೆವು. ಅವರು ಕನ್ನಡಕ ಹಣೆಗೇರಿಸಿ ಓದಿ, ಇದರಲ್ಲಿ ಕೇಸಿನ ನಂಬರಿಲ್ಲ, ವಕೀಲರ ಹೆಸರಿಲ್ಲ, ಮೊಹರಿನಲ್ಲಿ ಒಂದು ಜಿಲ್ಲೆ, ತಲೆಬರಹದಲ್ಲಿ ಇನ್ನೊಂದು ಎಂದು ತೋರಿಸಿದರು. ಇಂಥವು ತಮ್ಮ ಹತ್ತಿರ ಇದಕ್ಕೂ ಮೊದಲು ಬಂದಿವೆ, ತಂದವರೆಲ್ಲ ಓದಿದವರೇ ಎಂದರು. ಪೈಸೆ ಕಳಿಸಬೇಡಿ, ಠಾಣೆಯಲ್ಲಿ ದೂರು ಕೊಡಿ, ಬ್ಯಾಂಕಿಗೂ ಹೇಳಿ ಎಂದರು.

ದೂರು ಬರೆಯಬೇಕಲ್ಲ. ಅವರ ಮುಂದೆ ಇನ್ನೂ ಮೂವರು ಕಾದಿದ್ದರು. ನಾನೇ ಟೈಪ್ ಮಾಡಲೇ ಎಂದು ಕೇಳಿ ಅವರ ಸ್ಟೂಲಿನ ಮೇಲೆ ಕೂತೆ. ಸಿಟ್ಟು, ಅವಮಾನ ಎಲ್ಲ ಬೆರಳಿಗೆ ಬಂದಿತ್ತು. ಒಂದೂವರೆ ಪುಟ ತಲೆ ಎತ್ತದೆ ಹೊಡೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದು, ಇಷ್ಟು ಚೆನ್ನಾಗಿ ಬರುವವರು ಯಾರಿಗೋ ದುಡ್ಡು ಕಟ್ಟಿ ಯಾಕೆ ಟೈಪ್ ಮಾಡುತ್ತೀರಿ ಎಂದರು. ಹೊನ್ನಾಳಿಯಲ್ಲಿ ಒಬ್ಬ ಮೇಡಂ ಪ್ರಕಾಶಕರಿಂದ ಹಸ್ತಪ್ರತಿ ತರಿಸಿ ಮನೆಮನೆಯ ಹೆಂಗಸರಿಂದ ಟೈಪ್ ಮಾಡಿಸುತ್ತಾರೆ, ಕೇಳಿನೋಡಿ ಎಂದು ನಂಬರು, ವಿಳಾಸ ಬರೆದುಕೊಟ್ಟರು. ಆ ಮೇಡಂ ಎಂಥವರು ಎಂದು ಕೇಳಿದರೆ, ಕೆಲಸದ ಸುದ್ದಿ ಅಷ್ಟೇ ಗೊತ್ತು, ಮುಖ ನೋಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಠಾಣೆಯವರು ದೂರು ತೆಗೆದುಕೊಂಡರು. ಕಟ್ಟಿದ್ದು ಹೋಯಿತು, ಬೆದರಿಕೆ ನಿಂತಿತು.

ಅತ್ತೆ ಎರಡು ದಿನ ಯಾರ ಫೋನೂ ಎತ್ತಲಿಲ್ಲ. ನನಗಿಂತ ಅವರಿಗೇ ಜಾಸ್ತಿ ನೋವಾಗಿತ್ತು. ನಾನು ಪೆದ್ದಿಯಾದದ್ದು ನಮ್ಮ ಮನೆಗೆ ಗೊತ್ತು, ಅವರು ಮೋಸ ಹೋದದ್ದು ಬಳಗಕ್ಕೆಲ್ಲ ಗೊತ್ತಾಗಿತ್ತು. ಮೂರನೆಯ ದಿನ ಕಡಲೆಕಾಯಿ ಸುಲಿಯುತ್ತ, ಊರ ಹೆಸರು ಕೇಳಿದ ಕೂಡಲೇ ತಾನು ವಿಚಾರಿಸುವುದನ್ನೇ ಬಿಟ್ಟೆ ಎಂದು ತಾವಾಗಿ ಹೇಳಿದರು. ಅಷ್ಟು ಹೇಳಿ ಮುಗಿಸಿದವರು ಹೊನ್ನಾಳಿಗೆ ತಾನೇ ಹೋಗಿಬರುತ್ತೇನೆ, ಅಲ್ಲಿಯತನಕ ನೀನು ಆ ನಂಬರು ಮುಟ್ಟಬೇಡ ಎಂದರು. ನನಗೆ ರೇಗಿತು. ಕೆಲಸ ಕೇಳಲು ಅತ್ತೆಯನ್ನು ಕಳಿಸುವ ಸೊಸೆ ಭೂಮಿಯ ಮೇಲೆ ಎಲ್ಲಾದರೂ ಇದ್ದಾಳಾ ಎಂದು ಜಗಳ ತೆಗೆದೆ. ಅವರು ಆಧಾರ್ ಕಾರ್ಡು, ಎಲೆಅಡಿಕೆ ಚೀಲ ತೆಗೆದುಕೊಂಡು ಬೆಳಿಗ್ಗೆ ಏಳರ ಬಸ್ಸು ಹತ್ತಿದರು.

ಮಧ್ಯಾಹ್ನ ಒಂದು ಫೋನ್ ಬಂತು. ಏನಾಯಿತು ಎಂದು ಕೇಳಿದರೆ, ಇಲ್ಲಿ ಕೆಳಗೆ ಬೇಕರಿ ಇದೆ, ಬೆಣ್ಣೆ ಬಿಸ್ಕತ್ತು ಚೆನ್ನಾಗಿದೆ, ಮಕ್ಕಳಿಗೆ ಎಷ್ಟು ತರಲಿ ಎಂದರು. ಉಳಿದದ್ದು ಮಾರನೆಯ ದಿನ ತಿಳಿಯಿತು, ಕಾಲು ತೊಳೆದು ಟೀ ಕುಡಿದ ಮೇಲೆ.

ಮೇಡಂ ಇರುವುದು ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ. ಅತ್ತೆ ಮೆಟ್ಟಿಲು ಹತ್ತಲೇ ಇಲ್ಲ. ಬೇಕರಿಯವನಿಂದ, ಮೇಲಿನವರು ಆರು ವರ್ಷದಿಂದ ಅದೇ ಜಾಗದಲ್ಲಿದ್ದಾರೆ, ಬಾಡಿಗೆಗೆ ತಕರಾರಿಲ್ಲ ಎಂದು ತಿಳಿದುಕೊಂಡರು. ಪುಸ್ತಕದ ಕಟ್ಟು ಹೊತ್ತು ಇಳಿದವನನ್ನು ನಿಲ್ಲಿಸಿ, ಅಲ್ಲಿಗೆ ಟೈಪ್ ಮಾಡಿಕೊಡುವ ಹೆಂಗಸರು ಯಾರ್‍ಯಾರು ಎಂದು ಕೇಳಿದರು. ನ್ಯಾಮತಿಯಲ್ಲಿ ಒಬ್ಬರಿದ್ದಾರೆ ಎಂದ. ಆ ರಾತ್ರಿ ಹೊನ್ನಾಳಿಯ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ನ್ಯಾಮತಿಗೆ ಹೋದರು.

ಆಕೆ ಒಬ್ಬ ಮುಸ್ಲಿಂ ಹೆಂಗಸು. ಗಂಡನದು ಟ್ರಂಕು, ಬಕೆಟ್ಟು ರಿಪೇರಿ ಮಾಡುವ ಅಂಗಡಿ, ಅದರ ಹಿಂದೆಯೇ ಮನೆ. ಆ ಬಡಿತದ ಸದ್ದಿನಲ್ಲೇ ಕೂತು ಮೂರು ವರ್ಷದಿಂದ ಪುಸ್ತಕ ಟೈಪ್ ಮಾಡುತ್ತಾರಂತೆ. ಗುರುತು ಪರಿಚಯವಿಲ್ಲದ ಅತ್ತೆಗೆ ಚಾಪೆ ಹಾಸಿ, ಉಪ್ಪಿಟ್ಟು ಕೊಟ್ಟು, ಎಲ್ಲ ಹೇಳಿದರಂತೆ. ಸೇರುವಾಗ ಏನೂ ಕಟ್ಟಿಸಿಕೊಳ್ಳಲಿಲ್ಲ. ಹಸ್ತಪ್ರತಿ ಅವರ ಖರ್ಚಿನಲ್ಲೇ ಬರುತ್ತದೆ. ಕೂಲಿ ತಿಂಗಳ ಮೊದಲ ವಾರ ಖಾತೆಗೆ ಬೀಳುತ್ತದೆ, ಪ್ರಕಾಶಕರು ತಡ ಮಾಡಿದರೆ ಎರಡನೆಯ ವಾರ. ಮೇಡಂ ಬಾಯಿ ಒರಟು, ತಪ್ಪಿದ್ದರೆ ಪುಟ ವಾಪಸ್ ಕಳಿಸುತ್ತಾರೆ, ಮದುವೆ ಮುಂಜಿ ಎಂದರೂ ಕೇಳುವುದಿಲ್ಲ.

"ಬರೀ ಒಳ್ಳೇದೇ ಹೇಳಿದ್ರೆ ನಾನು ಎದ್ದು ಬರ್ತಿದ್ದೆ," ಎಂದರು ಅತ್ತೆ. "ಕೆಟ್ಟದ್ದನ್ನೂ ಹೇಳಿದ್ಲು. ನಂಬಾಕೆ ಅಡ್ಡಿ ಇಲ್ಲ. ಮಾಡು ಫೋನು."

ಮಾಡಿದೆ. ಮೇಡಂ ನಿಜವಾಗಿ ಒರಟೇ. ಎಲ್ಲಿ ಕಲಿತದ್ದು, ಎಲ್ಲಿ ದುಡಿದದ್ದು, ಯಾಕೆ ಬಿಟ್ಟದ್ದು, ಮನೆಯಲ್ಲಿ ಕಂಪ್ಯೂಟರು ಯಾವುದು, ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಅರ್ಧ ಗಂಟೆ ಕೇಳಿದರು. ಮೂರು ಪುಟ ಕಳಿಸುತ್ತೇನೆ, ಪರೀಕ್ಷೆಗೆ, ಅದಕ್ಕೂ ಕೂಲಿ ಕೊಡುತ್ತೇನೆ ಎಂದರು. ಯಾರೋ ನಿವೃತ್ತ ಮೇಷ್ಟರು ಪೆನ್ನಿನಲ್ಲಿ ಬರೆದ ಪುಟಗಳು, ಅಕ್ಷರವೋ ಇರುವೆಯ ಸಾಲೋ ತಿಳಿಯದು. ಮಾಡಿ ಕಳಿಸಿದೆ. ಮಾರನೆಯ ದಿನ ಮೂರೂ ಪುಟ ಮೈತುಂಬ ಕೆಂಪು ಗುರುತಿನೊಂದಿಗೆ ವಾಪಸ್ ಬಂದವು.

ಮತ್ತೆ ಅದೇ ಆಟ ಶುರುವಾಯಿತು, ಇನ್ನು ದಂಡ ಕೇಳುತ್ತಾರೆ ಎಂದುಕೊಂಡು ನಂಬರನ್ನೇ ಬ್ಲಾಕ್ ಮಾಡಲು ಹೋದೆ. ಬೆರಳು ಅಲ್ಲಿಯೇ ಇತ್ತು, ಅಷ್ಟರಲ್ಲಿ ಕೆಂಪು ಗುರುತುಗಳನ್ನು ಓದಿದೆ. ಪ್ರತಿ ತಪ್ಪಿನ ಪಕ್ಕದಲ್ಲೂ ಸರಿ ಯಾವುದು ಎಂದು ಬರೆದಿದ್ದರು. ಒಂದು ಕಡೆ ಇಡೀ ಸಾಲು ಬಿಟ್ಟಿದ್ದೆ. ಮೇಡಂ ಹೇಳಿದ್ದು ಸರಿ, ನನ್ನದೇ ತಪ್ಪು. ಒಂಬತ್ತು ವರ್ಷದ ಜಂಬ ಸ್ವಲ್ಪ ಇಳಿಯಿತು, ಅದರ ಜೊತೆಗೇ ಒಂದು ಸಂತೋಷವೂ ಆಯಿತು. ನನ್ನ ಕೆಲಸವನ್ನು ಯಾರೋ ಕೂತು ಓದಿದ್ದರು. ತಿದ್ದಿ ಕಳಿಸಿದೆ.

ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಹಳೆಯ ಅಂಗಡಿಯವರು ಫೋನ್ ಮಾಡಿ, ಹೊನ್ನಾಳಿಯಿಂದ ಯಾರೋ ನಿನ್ನ ಬಗ್ಗೆ ಕೇಳಿದರು ಎಂದರು. ಸಂಜೆ ಮೇಡಂ ಫೋನು ಬಂತು. ಮನೆಯ ಹಿರಿಯರ ಜೊತೆ ಮಾತಾಡಬೇಕಂತೆ. ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಮನೆಯವರೇ ಕೆಲಸವೆಂದು ಎಣಿಸುವುದಿಲ್ಲ, ಅರ್ಧಕ್ಕೆ ಎಬ್ಬಿಸುತ್ತಾರೆ, ತನಗೆ ಅದೇ ತಲೆನೋವು ಎಂದರು. ಫೋನನ್ನು ಅತ್ತೆಗೆ ಕೊಟ್ಟು ನಾನು ಒಳಗೆ ಪಲ್ಯ ಕೆದಕಲು ಹೋದೆ. ನಿಲ್ಲಲು ಧೈರ್ಯ ಇರಲಿಲ್ಲ.

ಅತ್ತೆ ಫೋನಿನಲ್ಲಿ ಮಾತಾಡಿದರೆ ಹೊನ್ನಾಳಿಗೆ ಫೋನಿಲ್ಲದೆಯೂ ಕೇಳುತ್ತದೆ. ಪಡಸಾಲೆಯಿಂದ ಎಲ್ಲ ಒಳಗೆ ಬಂತು.

"ಸಿಟ್ಟು ಐತೆ ನೋಡ್ರಿ, ಸುಳ್ಳು ಯಾಕೆ ಹೇಳ್ಲಿ. ತಪ್ಪು ತೋರಿಸಿದ್ರೆ ಮೊದ್ಲು ಉರೀತಾಳೆ, ಆಮ್ಯಾಲೆ ಕೂತು ತಿದ್ದುತಾಳೆ. ಹತ್ತರಿಂದ ಐದರ ತನಕ ಆಕಿನ ಯಾರೂ ಎಬ್ಬಿಸಂಗಿಲ್ಲ, ಅದು ನನ್ನ ಜವಾಬ್ದಾರಿ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. ನಂಬಬಹುದಾ ಎಂದು ಕೇಳಿದರೋ ಏನೋ. "ಅಲ್ರೀ, ನಾಕು ಊರಾಗೆ ವಿಚಾರಿಸಿ ತಂದ ಸೊಸೆ ಆಕಿ. ಹನ್ನೆರಡು ವರ್ಷ ಆತು. ಮೊನ್ನೆ ಒಬ್ಬ ಫೋನಿನೋನ ವಿಚಾರದಾಗೆ ನಾನು ಮೋಸ ಹೋದೆ. ಈಕಿ ವಿಚಾರದಾಗೆ ಹೋಗಿಲ್ಲ."

ಹನ್ನೆರಡು ವರ್ಷದಲ್ಲಿ ಈ ಮಾತನ್ನು ಅವರು ನನ್ನ ಮುಂದೆ ಒಮ್ಮೆಯೂ ಆಡಿರಲಿಲ್ಲ. ನಾನು ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಅತ್ತೆ ಒಳಗೆ ಬಂದು ಸೋಮವಾರದಿಂದ ಕೆಲಸವಂತೆ ಎಂದು ಫೋನು ಕೊಟ್ಟರು, ನನ್ನ ಮುಖ ನೋಡಲಿಲ್ಲ, ಪಲ್ಯಕ್ಕೆ ಉಪ್ಪು ಹಾಕಿದೆಯಾ ಎಂದು ಕೇಳಿದರು.