ಪಟ್ಟಿಯ ಹದಿನಾರನೇ ಹೆಸರು

ಪಾಂಡವಪುರದ ನಮ್ಮ ಕ್ಲಬ್ಬಿನಿಂದ ಕ್ರಿಕೆಟ್ಟನ್ನೇ ನಂಬಿ ಬದುಕು ಕಟ್ಟಿಕೊಂಡವರು ಇಬ್ಬರೇ. ಒಬ್ಬ ವೇಗದ ಬೌಲರ್. ಬೆಂಗಳೂರಿನ ಬ್ಯಾಂಕೊಂದರ ತಂಡಕ್ಕೆ ಆಡುತ್ತ ಅಲ್ಲೇ ನೌಕರಿಗೆ ಸೇರಿಕೊಂಡ. ಇನ್ನೊಬ್ಬ ನನ್ನ ಗೆಳೆಯ, ಎಡಗೈ ಸ್ಪಿನ್ನರ್. ಅವನು ಮುಂದೆ ರಾಜ್ಯ ತಂಡದಲ್ಲಿ ಆಡಿದ, ಆಟದ ಕೋಟಾದಲ್ಲಿ ರೈಲ್ವೆ ಕೆಲಸ ಪಡೆದ. ಇದೆಲ್ಲ ಶುರುವಾಗುವ ಮೊದಲೇ ಮುಗಿದುಹೋಗಬಹುದಾಗಿದ್ದ ದಿನವೊಂದಿತ್ತು. ಆ ದಿನ ನಾನು ಏನು ಮಾಡಿದೆ, ಏನು ಮಾಡಲು ಹೊರಟಿದ್ದೆ ಎಂಬುದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಮಧ್ಯದ ಮಾತು. ನಾನೂ ಆ ಗೆಳೆಯನೂ ಆಗಷ್ಟೇ ಪಿಯುಸಿ ಮುಗಿಸಿದ್ದೆವು. ನಮ್ಮದು ಕಬ್ಬು, ಭತ್ತ ಬೆಳೆಯುವ ಮನೆ. ಅವನ ತಂದೆ ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮರಗೆಲಸ ಮಾಡುತ್ತಿದ್ದರು. ಅವನು ಪಾಂಡವಪುರದ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ಆ ವರ್ಷ ಹತ್ತೊಂಬತ್ತರೊಳಗಿನವರ ವಲಯ ತಂಡಕ್ಕೆ ಹದಿನೈದು ಜನರ ತಾತ್ಕಾಲಿಕ ಪಟ್ಟಿ ಮಾಡಿದರು. ಹದಿನೈದನೆಯ ಹೆಸರು ಅವನದು. ಹದಿನಾರನೆಯದು, ಅಂದರೆ ಯಾರಾದರೂ ಬಿಟ್ಟುಹೋದರೆ ಮಾತ್ರ ಕರೆಯುವ ಹೆಸರು, ನನ್ನದು.

ತೊಡಕು ಬಂದದ್ದು ವಯಸ್ಸಿನ ದಾಖಲೆ ಕೇಳಿದಾಗ. ಹತ್ತನೇ ತರಗತಿಯ ಅಂಕಪಟ್ಟಿಯ ಪ್ರಕಾರ ಅವನಿಗೆ ಆಗಲೇ ಇಪ್ಪತ್ತು ತುಂಬಿತ್ತು. ಅವನೋ, ತನಗೆ ಹದಿನೆಂಟೇ, ಅವ್ವ ಹಾಗೇ ಹೇಳುತ್ತಾಳೆ ಎಂದು ಅಳುವುದೊಂದು ಬಾಕಿ. ನಮ್ಮ ಕ್ಲಬ್ಬು ನಡೆಸುತ್ತಿದ್ದ ಹೈಸ್ಕೂಲು ಮೇಷ್ಟ್ರು ಆಯ್ಕೆಗಾರರನ್ನು ಕಾಡಿ ಬೇಡಿ ಒಂದು ದಿನದ ಅವಕಾಶ ತಂದರು. ಮರುದಿನ ಶ್ರೀರಂಗಪಟ್ಟಣದ ಮೈದಾನದಲ್ಲಿ ಕೊನೆಯ ಆಯ್ಕೆ ಪಂದ್ಯ. ಸಂಜೆ ಐದಕ್ಕೆ ಆಯ್ಕೆಗಾರರು ಮೈಸೂರಿಗೆ ಹೊರಡುತ್ತಾರೆ. ಅಷ್ಟರೊಳಗೆ ಸರ್ಕಾರದ ಜನನ ದಾಖಲೆ ಅವರ ಕೈಗೆ ಸಿಗಬೇಕು. ಅವನು ಹುಟ್ಟಿದ್ದು ತಾಯಿಯ ತವರಲ್ಲಿ, ನಾಗಮಂಗಲದ ಕಡೆ. ಪಂದ್ಯ ಬಿಟ್ಟು ಅವನೇ ಹೋಗುವ ಹಾಗಿರಲಿಲ್ಲ.

"ನಾನ್ ಓಗ್ಬತ್ತೀನಿ ಸಾರ್" ಅಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. "ಕಾಗದ ಬರ್ದೇ ಇದ್ರೆ ಯಾರ್ ಹೆಸ್ರು ಒಳಗೆ ಬತ್ತದೆ ಅಂತ ಗೊತ್ತಲ್ವೇನೋ ನಿಂಗೆ?"

"ಗೊತ್ತು ಸಾರ್."

ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಸ್ನೇಹವೇ ಇತ್ತು ಅಂತ ಇವತ್ತಿಗೂ ನಂಬಿದ್ದೇನೆ. ಅದು ಬದಲಾದದ್ದು ಮರುದಿನ, ದಾರಿಯಲ್ಲಿ.

ಬೆಳಗಿನ ಮೊದಲ ಬಸ್ಸಿಗೆ ಅವನ ಹಳ್ಳಿಗೆ ಹೋದೆ. ತಂದೆ ಯಾರದೋ ಮನೆಯ ಬಾಗಿಲುವಾಡದ ಕೆಲಸಕ್ಕೆ ಪರಸ್ಥಳಕ್ಕೆ ಹೋಗಿದ್ದರು. ಅವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಬಂದ ಕಾರಣ ಹೇಳಿ, ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದೆ.

"ಏಮಗಿರಿ ದನಗ್ಳ ಜಾತ್ರೆ ನಡೀತಿತ್ತು ಕಣ್ ಮಗ. ನಮ್ಮೆಜಮಾನ್ರು ನೊಗ, ನೇಗ್ಲು ಮಾರಕ್ಕೆ ಅಲ್ಲಿಗೋಗಿದ್ರು. ಗಂಡಾಯ್ತು ಅಂತ ನಮ್ಮಣ್ಣ ಜಾತ್ರೆಗೇ ಓಗಿ ಏಳ್ಬುಟ್ಟು ಬಂದ."

ನಾನು ಬರೆದು ತಂದಿದ್ದ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ನಾನು ರಸ್ತೆಗೆ ಇಳಿದ ಮೇಲೆ ಹಿಂದೆಯೇ ಓಡಿಬಂದಳು.

"ಆ ಪುಸ್ತಕ್ದಲ್ಲಿ ಇನ್ನೇನಾದ್ರೂ ಕಂಡ್ರೆ ಅವನ್ಗೆ ಏಳ್ಬ್ಯಾಡ ಕಣಪ್ಪ."

ಏನು ಕಾಣುತ್ತದೆ ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು.

ಕೆ.ಆರ್. ಪೇಟೆಯಲ್ಲಿ ನಾಗಮಂಗಲದ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಅಲ್ಲಿ ನಿಂತಾಗಲೇ ಆ ಯೋಚನೆ ಮೊದಲ ಸಲ ತಲೆಗೆ ಬಂದದ್ದು. ಬಸ್ಸು ಬರದಿದ್ದರೆ? ಬರದಿದ್ದರೆ ತಪ್ಪು ನನ್ನದಲ್ಲ. ವಲಯ ತಂಡದ ಬಿಳಿ ಅಂಗಿ ನನ್ನ ಮೈಮೇಲೆ ಹೇಗೆ ಕಾಣಬಹುದು ಎಂದು ಕೂಡ ನೆನೆದೆ. ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ನನಗೆ ಸಂತೋಷವಾಗಲಿಲ್ಲ. ಅದು ತಿಳಿದು ನನ್ನ ಮೇಲೆ ನನಗೇ ಹೆದರಿಕೆಯಾಯಿತು.

ನಾಗಮಂಗಲದ ಕಚೇರಿಯಲ್ಲಿ ನನ್ನ ಅರ್ಜಿ ತೆಗೆದುಕೊಂಡವರು ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರು. ನನ್ನ ಅವಸರ ಕೇಳಿ ಬಯ್ಯಲಿಲ್ಲ. ಹಳೇ ಜನನ ಪುಸ್ತಕಗಳನ್ನು ತರಿಸಿ, ಧೂಳು ಕೊಡವಿ, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುಗಿಸಿದರು. ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ ಆಯಿತು. ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ಇನ್ನೂ ಎರಡು ವರ್ಷ ಮುಂದಿನ ಪುಸ್ತಕ ತೆರೆದರು. ಅಲ್ಲೂ ನಿಂತಿತು.

"ಎರಡವೆ ನೋಡಪ್ಪ. ತಂದೆನೂ ಒಬ್ರೇ, ತಾಯೀನೂ ಒಬ್ರೇ. ಹೆಸ್ರಿಲ್ಲ, ಬರೀ ಗಂಡು ಅಂತ ಬರ್ದವ್ರೆ."

ನಾನು ತಂದಿದ್ದ ಅಂಕಪಟ್ಟಿಯ ನಕಲನ್ನು ಮೊದಲನೆಯ ದಾಖಲೆಯ ಪಕ್ಕ ಇಟ್ಟರು. ದಿನ, ತಿಂಗಳು, ಇಸವಿ ಮೂರೂ ಒಂದೇ.

"ಸ್ಕೂಲ್ನೋರು ಸರಿಯಾಗೇ ಬರ್ದವ್ರಲ್ಲ. ಇದೇ ನಿನ್ನ ಸ್ನೇಹಿತನ್ದು. ಎರಡನೇದು ಅವನ ತಮ್ಮನ್ದಿರ್ಬೇಕು. ಮೊದಲ್ನೇದನ್ನೇ ಬರ್ಕೊಡ್ಲಾ?"

ಎರಡನೆಯ ದಾಖಲೆಯ ತಿಂಗಳು ನೋಡಿದೆ. ಹೇಮಗಿರಿ ಜಾತ್ರೆಯ ಕಾಲವೇ. ಅವನದು ಅದೇ. ಮೊದಲನೆಯದು ಯಾರದು ಎಂಬುದೂ, ಅವ್ವ ಯಾಕೆ ಓಡಿಬಂದಳು ಎಂಬುದೂ ಒಟ್ಟಿಗೆ ಹೊಳೆಯಿತು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸರ್ಕಾರದ ಮೊಹರಿನ ಕಾಗದವೇ ಅವನನ್ನು ಹೊರಗೆ ಹಾಕುತ್ತಿತ್ತು; ಇಡೀ ದಿನ ಬಸ್ಸು ಹತ್ತಿ ಇಳಿದವನೆಂದು ಊರೆಲ್ಲ ನನ್ನನ್ನೇ ಹೊಗಳುತ್ತಿತ್ತು.

ನಾನು ಸುಮ್ಮನಿದ್ದೆ. ಅವರು ಮೊದಲ ಸಾಲು ಬರೆದರು. ತಂದೆಯ ಹೆಸರು ಬರೆದರು, ತಾಯಿಯ ಹೆಸರು ಬರೆದರು.

ತಲೆ ಎತ್ತದೆಯೇ, ಬರಿಯ ಮಾತಿಗೆಂಬಂತೆ ಕೇಳಿದರು. "ತಮ್ಮ ಏನ್ ಮಾಡ್ಕಂಡವ್ನೆ?"

"ಅವನ್ಗೆ ತಮ್ಮ ಇಲ್ಲ ಸಾರ್."

ಅದು ನನ್ನ ಬಾಯಿಂದ ಬಂದದ್ದು ಹೇಗೆಂದು ತಿಳಿಯದು. ಒಳ್ಳೆಯತನ ಗೆದ್ದಿತು ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೆ.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಮೂಗು ಚುಚ್ಚೈತಾ ಅವನ್ಗೆ?"

ಅವನ ಮೂಗಿನ ಹೊಳ್ಳೆಯ ಮೇಲೆ ಎಳ್ಳುಕಾಳಿನಷ್ಟು ಗುರುತಿತ್ತು. ಹುಡುಗಿ ಅಂತ ನಾವೆಲ್ಲ ರೇಗಿಸುತ್ತಿದ್ದೆವು.

"ಊಂ ಸಾರ್. ಚುಚ್ಚೈತೆ."

"ಅಂಗಾದ್ರೆ ಮೊದಲ್ನೇದು ತೀರ್ಕಂಡೈತೆ. ಮುಂದ್ಲ ಮಗು ತೀರ್ಕಂಡ್ರೆ ಇಂದ್ಲದ್ಕೆ ಮೂಗು ಚುಚ್ಚುಸ್ತಾರೆ, ಉಳೀಲಿ ಅಂತ."

ಬರೆದಿದ್ದ ಹಾಳೆಯನ್ನು ಹರಿದು, ಮರಣದ ಪುಸ್ತಕ ತರಿಸಿದರು. ಅದರಲ್ಲಿತ್ತು. ಮೂರು ತಿಂಗಳ ಗಂಡು ಮಗು, ಜ್ವರ. ಶಾಲೆಯ ದಾಖಲೆಗೂ ಕಚೇರಿಯ ದಾಖಲೆಗೂ ಯಾಕೆ ಹೊಂದುವುದಿಲ್ಲ ಎಂದು ಯಾರೂ ಕೊಂಕು ತೆಗೆಯಬಾರದೆಂದು, ಆ ಸಾವಿನ ವಿಷಯವನ್ನೂ ಹೊಸ ಹಾಳೆಯಲ್ಲಿ ಸೇರಿಸಿದರು. ಅವ್ವನ ಮಾತು ನೆನಪಾದರೂ ಬೇಡ ಎನ್ನಲಾಗಲಿಲ್ಲ.

ಸಹಿ ಹಾಕುವ ಸಾಹೇಬರು ಬೆಳ್ಳೂರಿನ ಕಡೆ ಹೋಗಿದ್ದರು. ಬಂದದ್ದು ಎರಡೂಮುಕ್ಕಾಲಿಗೆ. ಮೊಹರಿನ ಶಾಯಿ ಆರುವ ಮೊದಲೇ ನಾನು ಬಸ್ ನಿಲ್ದಾಣಕ್ಕೆ ಓಡಿದೆ. ಬೆಳಿಗ್ಗೆ ಬಸ್ಸು ಬರದಿರಲಿ ಎಂದಿದ್ದ ಮನಸ್ಸೇ ಈಗ ಡ್ರೈವರನ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳು ಸಾಲುಗಟ್ಟಿ ದಾರಿ ಬಿಡಲೇ ಇಲ್ಲ. ಇಳಿದು, ಗಾಡಿಗಳ ಪಕ್ಕದಲ್ಲಿ ಓಡಿ, ಮುಂದೆ ಹೊರಟಿದ್ದ ಗೂಡ್ಸ್ ಟೆಂಪೋ ಒಂದರ ಹಿಂಭಾಗ ಹತ್ತಿದೆ. ಶ್ರೀರಂಗಪಟ್ಟಣ ತಲುಪಿದಾಗ ಐದಕ್ಕೆ ಐದೇ ನಿಮಿಷ.

ಮೈದಾನದ ಅಂಚಿನಲ್ಲಿ ಆಯ್ಕೆಗಾರರ ಕಾರಿನ ಬಾಗಿಲು ತೆರೆದಿತ್ತು. ಮೇಷ್ಟ್ರು ಅದರ ಮುಂದೆ ಅಡ್ಡ ನಿಂತು ಏನೋ ಹೇಳುತ್ತಲೇ ಇದ್ದರು. ಪಕ್ಕದಲ್ಲಿ ಅವನು. ಆ ದಿನ ನಾಲ್ಕು ವಿಕೆಟ್ ತೆಗೆದಿದ್ದನಂತೆ. ಮುಖದಲ್ಲಿ ಅದರ ಸುಳಿವೇ ಇರಲಿಲ್ಲ.

ಹಿರಿಯ ಆಯ್ಕೆಗಾರರು ಕಾಗದ ತೆಗೆದುಕೊಂಡು, ನಾನು ಅಂಜಿದ್ದಂತೆಯೇ, ಗಟ್ಟಿಯಾಗಿ ಓದಿದರು. ಜನನದ ದಿನಾಂಕ ಬಂದಾಗ ಮೇಷ್ಟ್ರು ನನ್ನ ಹೆಗಲು ಹಿಡಿದುಕೊಂಡರು. ಆಯ್ಕೆಗಾರರು ಓದುವುದನ್ನು ಮುಂದುವರಿಸಿದರು. "ಸದರಿ ದಂಪತಿಯ ಮೊದಲನೇ ಗಂಡು ಮಗು ಮೂರು ತಿಂಗಳಿದ್ದಾಗ ಮರಣ ಹೊಂದಿರುತ್ತದೆ."

"ಸರಿಯಾಗಿದೆ, ಹದಿನೆಂಟೇ" ಎಂದು ಕಾಗದ ಮಡಿಚಿ ಫೈಲಿಗೆ ಸೇರಿಸಿದರು. ಕಾರು ಹೊರಟಿತು. ಉಳಿದ ಹುಡುಗರು ಕೂಗುತ್ತ ಬಂದು ಅವನನ್ನು ಎತ್ತಿಕೊಂಡರು. ಅವನು ಅವರ ಹೆಗಲ ಮೇಲಿಂದಲೇ ನನ್ನ ಕಡೆ ನೋಡುತ್ತಿದ್ದ.

ಕೆಳಗಿಳಿದ ಮೇಲೆ ನೇರವಾಗಿ ಬಂದ. "ಮೊದಲ್ನೇ ಮಗು ಯಾರ್ಲಾ?"

ನಾನು ನೆಲದ ಮೇಲಿದ್ದ ಅವನ ಕಿಟ್ಟನ್ನು ಎತ್ತಿಕೊಟ್ಟೆ.

"ಅವ್ವ ಏಳುದ್ಲಾ?"

"ಇಲ್ಲ ಕಣ್ಲಾ. ಪುಸ್ತಕ್ದಲ್ಲಿತ್ತು. ನಿನ್ಗೆ ಏಳ್ಬ್ಯಾಡ ಅಂದಿದ್ಲು."

ಅವನು ಕಿಟ್ಟನ್ನು ಹೆಗಲಿಗೇರಿಸಿ, ಯಾರಿಗೂ ಹೇಳದೆ ಕೆ.ಆರ್. ಪೇಟೆಯ ಬಸ್ಸು ಹಿಡಿಯಲು ಹೋದ. ಶಾಲೆಗೆ ಸೇರಿಸುವಾಗ ತಂದೆ ಮನೆಯಲ್ಲಿದ್ದ ಮೊದಲ ಮಗುವಿನ ಜನನದ ಚೀಟಿಯನ್ನೇ ಕೊಟ್ಟಿದ್ದರಂತೆ. ಮನೆಯಲ್ಲಿ ಆ ಮಗುವಿನ ಮಾತೆತ್ತಲು ಅವ್ವ ಯಾರಿಗೂ ಬಿಟ್ಟಿರಲಿಲ್ಲ. ಅಣ್ಣನೊಬ್ಬ ಇದ್ದ, ತಾನು ಇಷ್ಟು ವರ್ಷ ಅವನ ವಯಸ್ಸು ಇಟ್ಟುಕೊಂಡು ಓಡಾಡುತ್ತಿದ್ದೆ ಎಂಬುದು ಅವನಿಗೆ ಪೂರ್ತಿ ತಿಳಿದದ್ದು ಆ ರಾತ್ರಿ, ಒಲೆಯ ಮುಂದೆ ಅವ್ವ ಅಳುತ್ತ ಹೇಳಿದಾಗ.

ವಲಯ ತಂಡದಿಂದ ಅವನು ರಾಜ್ಯದ ಕಿರಿಯರ ತಂಡಕ್ಕೆ ಹೋದ, ಅಲ್ಲಿಂದ ಮೇಲಕ್ಕೆ. ರಾಜ್ಯದ ಪರ ಕೆಲವೇ ಪಂದ್ಯ ಸಿಕ್ಕಿತು, ಆದರೆ ರೈಲ್ವೆಗೆ ಹತ್ತಾರು ವರ್ಷ ಆಡಿದ. ಹದಿನಾರನೇ ಹೆಸರಿಗೆ ಕರೆ ಬರಲೇ ಇಲ್ಲ. ಮುಂದಿನ ವರ್ಷ ನನ್ನ ವಯಸ್ಸು ಮೀರಿತು. ದಶಕ ಮುಗಿಯುವವರೆಗೂ ಕ್ಲಬ್ಬಿಗೆ ಆಡಿ, ಆಮೇಲೆ ಗದ್ದೆ ಕೆಲಸಕ್ಕೆ ಇಳಿದೆ, ಡೈರಿಗೆ ಹಾಲು ಹಾಕತೊಡಗಿದೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪತ್ರಿಕೆಯಲ್ಲಿ ಅವನ ವಿಕೆಟ್ಟುಗಳನ್ನು ಓದಿದಾಗ ಹೆಮ್ಮೆಯೂ ಅದೂ ಒಟ್ಟಿಗೇ ಬರುತ್ತಿದ್ದವು.

ಅವನು ಆಟ ಬಿಟ್ಟ ಮೇಲೆ ಒಮ್ಮೆ ಅವನ ಕ್ವಾರ್ಟರ್ಸಿಗೆ ಹೋಗಿದ್ದೆ. ವರಾಂಡದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಗುಮಾಸ್ತರು ಮೂರು ಸಾಲು ಬರೆಯುವ ತನಕ ನಾನು ಬಾಯಿ ಬಿಡಲಿಲ್ಲ, ಅವರು ಕೇಳದೆ ಹೋಗಿದ್ದರೆ ಬಿಡುತ್ತಲೂ ಇರಲಿಲ್ಲವೇನೋ ಎಂದೆ.

"ನಿನ್ ಜಾಗ್ದಲ್ಲಿ ನಾನಿದ್ದಿದ್ರೆ ಏನ್ ಮಾಡ್ತಿದ್ನೋ, ನಂಗೊತ್ತಿಲ್ಲ ಕಣ್ಲಾ" ಅಂದ.

ಕ್ಷಮಿಸಿದೆ ಎನ್ನಲಿಲ್ಲ, ಬಯ್ಯಲೂ ಇಲ್ಲ. ಅವನ ಮಗಳು ಬಂದು ಊಟಕ್ಕೆ ಕರೆದಳು. ಎದ್ದು ಒಳಗೆ ಹೋದೆವು.