ಗೆರೆ ಎಳೆದು ಇಂಗ್ಲಿಷ್ ಕಲಿಸಿದವರು

ಸೊರಬದ ನಮ್ಮ ಇಂಗ್ಲಿಷ್ ಮೇಷ್ಟ್ರು ‘ವಿನ್’, ‘ಔಟ್’ ಎಂಬ ಪದಗಳ ಅರ್ಥ ಬರೆಸಿದವರಲ್ಲ. ಪಂಚೆ ಎತ್ತಿ ಕಟ್ಟಿ, ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಕಬಡ್ಡಿಯ ಗೆರೆ ಎಳೆದು, “ಆಡಿ ತೋರ್ಸು ಮಾರಾಯ, ಅರ್ಥ ಆಮೇಲೆ” ಅನ್ನುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು, ಶಿಕಾರಿಪುರದಿಂದ ಶಾಲಾ ತಪಾಸಣೆಗೆ ಇನ್‌ಸ್ಪೆಕ್ಟರು ಬಂದರು. ಅವರೆದುರು ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅಪ್ಪ ಹೇಳಿದ್ದರು.

“ವಿನ್ ಅಂದ್ರೇನು?” ಎಂದು ಇನ್‌ಸ್ಪೆಕ್ಟರು ನನ್ನನ್ನೇ ಕೇಳಿದರು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ನನಗೂ ಅವರಿಗೂ ನಡುವೆ ಗೆರೆ ಎಳೆದರು. ನಾನು “ಕಬಡ್ಡಿ, ಕಬಡ್ಡಿ” ಎನ್ನುತ್ತ ನುಗ್ಗಿ, ಇನ್‌ಸ್ಪೆಕ್ಟರ ಕೋಟು ಮುಟ್ಟಿ, ಒಂದೇ ಉಸಿರಿನಲ್ಲಿ ಗೆರೆ ದಾಟಿ ವಾಪಸು ಬಂದೆ.

“ಯೂ ಔಟ್, ಸಾರ್! ಐ ವಿನ್!”

“ಪಾಸ್” ಎಂದರು. ನಕ್ಕರೋ ಇಲ್ಲವೋ, ನೆನಪನ್ನು ನಂಬಲಾರೆ. ಆದರೆ ಅವರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದಾಗ ಮೇಷ್ಟ್ರು ಪಂಚೆ ಇಳಿಸಿಕೊಳ್ಳುತ್ತ ಹೇಳಿದ್ದು ಕಿವಿಯಲ್ಲೇ ಇದೆ:

“ಔಟಾದವರು ಹೊರಗೆ ಕೂರಬೇಕು, ಸಾರ್.”