ಬಿಚ್ಚಿಟ್ಟ ಉಡಿದಾರ

ಆ ಬೆಳಿಗ್ಗೆ ನನಗೆ ಸುದ್ದಿ ತಂದವರು ಡಾಕ್ಟರಲ್ಲ. ರಾಮನಗರದ ಆಸ್ಪತ್ರೆಯ ಜಗುಲಿಗೆ ಆಯಾ ಶಿವಲಿಂಗಮ್ಮ ಬಂದರು. ಕೈಯಲ್ಲಿ ನನ್ನ ತಮ್ಮ ಬೋರಲಿಂಗಯ್ಯನ ಕರಿ ಉಡಿದಾರ. ಗುಣವಾಗಿ ಮನೆಗೆ ಹೊರಡುವ ದಿನ ನಾನೇ ಕಟ್ಟುತ್ತೇನೆ ಎಂದು ಆಪರೇಷನ್ನಿಗೆ ಮೊದಲು ಅದನ್ನು ಬಿಚ್ಚುವಾಗ ಅವರು ಅವನಿಗೆ ಮಾತು ಕೊಟ್ಟಿದ್ದರು. ದಾರ ಕಂಡೊಡನೆ ಅವನು ಹೋದನೆಂದು ನನಗೆ ತಿಳಿಯಿತು.

ವರ್ಷ ತುಂಬಿದೆ. ಶಾಲೆ ಮೇಷ್ಟರಾದ ನಾನು ಶಿವಲಿಂಗಮ್ಮನವರನ್ನು ಕಾಣಲು ಮತ್ತೆ ಆಸ್ಪತ್ರೆಗೆ ಬಂದಿದ್ದೇನೆ. ಈ ದಿನ ಬೆಳಕು ಹರಿಯುವ ಹೊತ್ತಿಗೆ ಶಿವಲಿಂಗಮ್ಮ ಅದೇ ವಾರ್ಡಿನಲ್ಲಿ, ಕೋಡಿಹಳ್ಳಿಯ ದೊಡ್ಡಹನುಮಯ್ಯನವರ ಮಂಚದ ಪಕ್ಕ ಕೂತಿದ್ದಾರೆ. ಗೌಡರ ಕರುಳಿನಲ್ಲಿ ಗಡ್ಡೆ; ಇನ್ನು ಸ್ವಲ್ಪ ಹೊತ್ತಿಗೆ ಆಪರೇಷನ್. ಮೈಮೇಲೆ ದಾರ ಇರಕೂಡದು. ನಮ್ಮ ಕಡೆ ಗಂಡಸಿನ ಉಡಿದಾರ ಕತ್ತರಿಸುವುದು ಪ್ರಾಣ ಹೋದ ಮೇಲೆಯೇ. ಕತ್ತರಿ ಕಂಡು ಆಪರೇಷನ್ನೇ ಬೇಡವೆಂದು ಎದ್ದು ಹೋದವರೂ ಇದ್ದಾರೆ.

"ಕತ್ರಿ ತಂದ್ರೆ ಈಗ್ಲೇ ಊರಿಗೆ ಹೊಂಟೋಯ್ತೀನಿ ಕಣವ್ವ."

"ಕತ್ರಿ ಎಲ್ಲೈತೆ ಗೌಡ್ರೇ? ನೋಡಿ, ಬರೀ ಕೈ. ಗಂಟು ಬಿಚ್ತೀನಿ, ಅಷ್ಟೇಯ."

"ಗಂಟು ಎಲ್ಲೈತೋ ಅವ್ರಿಗೇ ಗೊತ್ತಿಲ್ಲ," ಹೆಂಡತಿ ಬೈರಮ್ಮ ನಗುತ್ತಾರೆ. "ಹೊಟ್ಟೆ ಕೆಳ್ಗೆ ಸೇರ್ಕಂಡು ಯಾವ ಕಾಲ ಆಯ್ತೋ!"

"ತುಪ್ಪ ಸುರ್ದು ಬೆಳೆಸ್ದೋಳು ನೀನೇ ಅಲ್ವಾ?"

ದಾರ ಹೊಟ್ಟೆಯ ಮಡಿಕೆಯಲ್ಲಿ ಹೂತು, ಚರ್ಮದ ಮೇಲೆ ಗೆರೆ ಮೂಡಿಸಿದೆ. ಶಿವಲಿಂಗಮ್ಮ ಗಂಟನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ, ಉಗುರಿನ ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ಬಿಚ್ಚಿದ ದಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. "ಮನೆಗೆ ಹೊರಡೋ ದಿನ ನಾನೇ ಕಟ್ತೀನಿ."

ಈ ಕೆಲಸವನ್ನು ಆ ಬೆರಳುಗಳಿಗೆ ಕಲಿಸಿದ್ದು ರೇಷ್ಮೆ. ಮಾಗಡಿಯ ಕೆಂಪಾಪುರದ ಮಗಳು, ಮದುವೆಯಾಗಿ ರಾಮನಗರಕ್ಕೆ ಬಂದು, ವರ್ಷಗಟ್ಟಲೆ ಕುದಿವ ನೀರಿನಲ್ಲಿ ಗೂಡಿನ ಎಳೆ ಹುಡುಕಿದವರು. ಬೆರಳ ತುದಿಗಳು ಇಂದಿಗೂ ಬೆಳ್ಳಗೆ ಸುಟ್ಟಂತಿವೆ. ನೂಲು ಬಿಚ್ಚುವ ಜಾಗ ಮಾರಾಟವಾಗಿ ಅಲ್ಲಿ ಕಾರ್ಖಾನೆಯೊಂದರ ಗೋಡೌನು ಎದ್ದಿತು. ಇವರು ಆಸ್ಪತ್ರೆಗೆ ಕಸ ಗುಡಿಸಲು ಬಂದರು. "ಒಬ್ರು ಅಜ್ಜ, ದಾರ ಕತ್ರಿಸಿದ್ಕೆ ಮಗೀನಂಗೆ ಅತ್ರು ಮೇಷ್ಟ್ರೇ. ಅಂತಾ ಎಳೆ ಬುಡಿಸ್ದೋಳ್ಗೆ ಇದೊಂದು ಗಂಟಾ ಅಂತ ಅವತ್ತಿಂದ ನಾನೇ ಕೂತ್ಕತೀನಿ."

ನನ್ನ ತಮ್ಮನದೂ ಗೌಡರಂಥದೇ ಮೈ. ಬಿಡದಿ ಕಡೆಯಿಂದ ಕಾರ್ಖಾನೆಗಳು ಬಂದವು, ಹೊಲ ಹೋಯಿತು, ಗುದ್ದಲಿ ಅಟ್ಟ ಸೇರಿತು. ಟೀ ಅಂಗಡಿಯ ಬೆಂಚೇ ಅವನ ಹೊಲವಾಯಿತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಮನೆಯವರು ಅದನ್ನು ಅನುಕೂಲಸ್ಥರ ಹೊಟ್ಟೆ ಎಂದು ಮೆಚ್ಚುತ್ತಿದ್ದರು. ಡಾಕ್ಟರು ಬಿಡಿಸಿ ಹೇಳಿದರು: ಮೈತೂಕಕ್ಕಿಂತ ಹೊಟ್ಟೆಯೊಳಗಿನ ಕೊಬ್ಬನ್ನು ನೋಡಬೇಕು, ಅದು ಹೆಚ್ಚಿದ್ದರೆ ಕರುಳಿನ ಆಪರೇಷನ್ ಕಷ್ಟ, ಆಮೇಲೆ ಗಾಯ ಕೀವಾಗುವ, ಹೊಲಿಗೆ ಬಿಡುವ ಭಯವೂ ಹೆಚ್ಚು. ಆಪರೇಷನ್ನಾದ ಮೇಲೆ ತಮ್ಮನ ಕರುಳಿನ ಹೊಲಿಗೆ ಒಳಗೇ ಸೋರಿತು. ನಂಜು ಏರಿತು.

ಮೂರನೆಯ ದಿನ ಹೋದಾಗ ದೊಡ್ಡಹನುಮಯ್ಯ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ವಾರ್ಡಿನಲ್ಲಿ ನಡೆಯುತ್ತಿದ್ದಾರೆ. ಕೆಮ್ಮುವಾಗ ಹೊಲಿಗೆಗೆ ಅದೇ ಆಸರೆ. ಪಕ್ಕದಲ್ಲಿ ಶಿವಲಿಂಗಮ್ಮ.

"ಗೌಡ್ರೇ, ಗಾಳಿ ಹೋಯ್ತಾ?"

"ಮೆತ್ತಗೆ ಕೇಳವ್ವ, ಮೇಷ್ಟ್ರು ಅವ್ರೆ!"

"ಅವ್ರೂ ಅದ್ನೇ ಕಾಯ್ತಾವ್ರೆ. ಕರುಳು ಎದ್ದೈತೋ ಇಲ್ವೋ ಗೊತ್ತಾಗ್ಬೇಕಲ್ಲ?"

"ಹೋಯ್ತು ಕಣವ್ವ, ಹೋಯ್ತು!" ಎಂದು ಅವರು ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಬೈರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಮನೆಗೆ ಹೊರಡುವ ದಿನ ಶಿವಲಿಂಗಮ್ಮ ಸೆರಗಿನ ಗಂಟು ಬಿಚ್ಚಿ, ಗಾಯಕ್ಕೆ ತಾಗದಂತೆ ದಾರವನ್ನು ಸಡಿಲವಾಗಿ ಕಟ್ಟುತ್ತಾರೆ. "ಬಿಚ್ಚಿದ್ನೆಲ್ಲ ನಾನೇ ಕಟ್ಟಂಗಾದ್ರೆ ಸಾಕು ಮೇಷ್ಟ್ರೇ. ಇನ್ನೇನೂ ಕೇಳಲ್ಲ," ಎನ್ನುತ್ತಾರೆ.

ತಮ್ಮ ಹೋದ ಆ ಬೆಳಿಗ್ಗೆ ಜಗುಲಿಯಲ್ಲಿ ಅವರು ನನ್ನನ್ನು ಕೇಳಿದ್ದೂ ಒಂದೇ ಮಾತು: "ಮಾತು ಕೊಟ್ಬುಟ್ಟಿದ್ದೆ ಮೇಷ್ಟ್ರೇ. ಕಟ್ಲಾ?" ನಾನು ತಲೆಯಾಡಿಸಿದೆ. ತಣ್ಣಗಾದ ಆ ಸೊಂಟಕ್ಕೆ ಅವರು ದಾರ ಕಟ್ಟಿದರು, ನೋವಾದೀತೆಂಬಂತೆ ಸಡಿಲವಾಗಿ. ಮಣ್ಣು ಮಾಡುವಾಗ ಹಿರಿಯರು ಪದ್ಧತಿಯಂತೆ ಅದನ್ನು ಕತ್ತರಿಸಲು ಬಂದರು. ನಾನು ಅವರ ಕೈ ಹಿಡಿದೆ. ನನ್ನ ತಮ್ಮ ಆ ಗಂಟಿನೊಡನೆಯೇ ಹೋದ.

ಕೆಂಗಲ್ಲಿನ ಆಂಜನೇಯಸ್ವಾಮಿ, ಆ ಗಂಟು ಹಾಕಿದ ಕೈಯನ್ನು ಕಾಪಾಡು. ಆ ದಾರ ಉಟ್ಟು ಬಂದ ನನ್ನ ತಮ್ಮನನ್ನು ನಿನ್ನ ಪಾದದ ಬಳಿ ತಣ್ಣಗೆ ಮಲಗಿಸಿಕೋ.